ವಿಚಿತ್ರವೆನಿಸಿದುದೆಲ್ಲ ತಪ್ಪೇ?

ಒಂದು ಕಾಲದಲ್ಲಿ ಅರಕಲಗೂಡಿನ ಸುತ್ತಿನ ಹಳ್ಳಿಗಳಲ್ಲಿ ಬೆಂಗಳೂರನ್ನು ಕಂಡು ಬಂದವನೇ ದೊಡ್ಡ ಪ್ರವಾಸಿ. ಇಂದು ಹಾಗಿಲ್ಲ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಯಾವ ಕಡೆಗೆ ಹೋದರೂ ಮಗನೋ ಮಗಳೋ ಸೊಸೆಯೋ ಕಡಲಾಚೆ ದುಡಿಯುತ್ತಿರುವ ಕುಟುಂಬಗಳು ಕಾಣಸಿಗುತ್ತವೆ. ಒಬ್ಬರು ಕೊಲ್ಲಿ ರಾಷ್ಟ್ರದಲ್ಲಿ, ಇನ್ನೊಬ್ಬರು ಐರ್ಲೆಂಡಿನ ಆಸ್ಪತ್ರೆಯಲ್ಲಿ, ಮತ್ತೊಬ್ಬರು ಅಮೆರಿಕದ ಕಂಪ್ಯೂಟರ್ ಸಂಸ್ಥೆಯಲ್ಲಿ. ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಆರು ತಿಂಗಳು ಹೋಗಿ ಬರುವ ತಂದೆತಾಯಂದಿರೂ ಕಡಿಮೆಯಿಲ್ಲ. ಹೀಗೆ ಮರಳಿದವರ ಬಾಯಲ್ಲಿ ಎತ್ತರದ ಕಟ್ಟಡಗಳ, ವೇಗದ ರೈಲುಗಳ ವರ್ಣನೆ ಬೇಗ ಮುಗಿದುಹೋಗುತ್ತದೆ. ಮುಗಿಯದಿರುವುದು ಸಣ್ಣಪುಟ್ಟ ವಿಚಿತ್ರಗಳ ಕಥೆ.

ಸ್ವೀಡನ್ನಿನಲ್ಲಿ ವಿದ್ಯಾರ್ಥಿಯು ಪ್ರಾಧ್ಯಾಪಕರನ್ನು ಹೆಸರು ಹಿಡಿದೇ ಕೂಗುತ್ತಾನೆ. ಜರ್ಮನಿಯಲ್ಲಿ ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚಿತವಾಗಿ ಹೇಳಿದರೆ ಅಪಶಕುನವೆಂದು ಮುಖ ಸಿಂಡರಿಸುತ್ತಾರೆ. ಜಪಾನಿನಲ್ಲಿ ಶಾವಿಗೆಯನ್ನು ಸೊರ್ರೆಂದು ಸದ್ದುಮಾಡಿ ಹೀರಿದರೆ ತಪ್ಪಿಲ್ಲ, ಹೋಟೆಲಿನ ಮಾಣಿಗೆ ಭಕ್ಷೀಸು ಕೊಡಹೋದರೆ ಅವನಿಗೆ ಮುಜುಗರ. ಬಲ್ಗೇರಿಯದಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಇಲ್ಲವೆಂದೂ ಅಡ್ಡಲಾಗಿ ಆಡಿಸಿದರೆ ಹೌದೆಂದೂ ಅರ್ಥ. ಇವನ್ನೆಲ್ಲ ಕೇಳಿ ನಾವು ನಗುತ್ತೇವೆ. ನಗುವುದರಲ್ಲಿ ದೋಷವೇನೂ ಇಲ್ಲ. ಆದರೆ ಆ ನಗೆಯ ಹಿಂದೆಯೇ ಎರಡು ತೀರ್ಪುಗಳಲ್ಲಿ ಒಂದು ನುಸುಳಿಬಿಡುತ್ತದೆ. "ಅವರಿಗೆ ರೀತಿನೀತಿ ಇಲ್ಲ" ಎಂಬುದು ಒಂದು. "ನಮ್ಮವರಿಗೆ ಯಾವಾಗ ಬುದ್ಧಿ ಬಂದೀತು" ಎಂಬುದು ಇನ್ನೊಂದು. ವಿಚಿತ್ರವೆಂದು ಕಂಡದ್ದು ತಪ್ಪೆಂದು ತೀರ್ಮಾನವಾಗಲು ಕ್ಷಣವೂ ಬೇಕಾಗುವುದಿಲ್ಲ. ಆದುದರಿಂದ ಸ್ವಲ್ಪ ನಿಂತು ಯೋಚಿಸಬೇಕಾದ ಪ್ರಶ್ನೆ ಇದು: ಬೇರೆ ಎಂಬುದಕ್ಕೂ ತಪ್ಪು ಎಂಬುದಕ್ಕೂ ನಡುವಿನ ಗೆರೆಯನ್ನು ನಾವು ಎಲ್ಲಿ ಎಳೆಯಬೇಕು?

ಹೇಮಾವತಿಯ ದಡದಿಂದ ಹೊರಟವರು

ಈ ಪ್ರಶ್ನೆಯನ್ನು ಕೇಳಲು ನಮ್ಮ ಸೀಮೆಗಿಂತ ತಕ್ಕ ಸ್ಥಳ ಮತ್ತೊಂದಿಲ್ಲವೇನೋ. ಹೇಮಾವತಿಯ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು ಬದುಕಿನ ಬಹುಭಾಗ ಹಳ್ಳಿಯ ಜನರನ್ನೇ ಕುರಿತು ಬರೆದವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಕಡಲು ದಾಟಿ ಹೋದರು. ಆ ಅನುಭವದ ಫಲವಾದ 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ನದಿಯ ಕೆಳದಂಡೆಯ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರು 'ಅಪರವಯಸ್ಕನ ಅಮೆರಿಕಾ ಯಾತ್ರೆ'ಯನ್ನು ಬರೆದರು. ಒಂದೇ ನದಿಯ ನೀರು ಕುಡಿದ ಇಬ್ಬರು ಹಿರಿಯರು ಇಳಿವಯಸ್ಸಿನಲ್ಲಿ ಅದೇ ದೂರದೇಶವನ್ನು ಕಂಡು ಕನ್ನಡಿಗರಿಗೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಪುಸ್ತಕದ ಹೆಸರಿನಲ್ಲಿಯೇ ಗೊರೂರು ಅಮೆರಿಕದೊಳಗೆ ಹೋಗಿ ನಿಂತಿದೆ. ಮನುಷ್ಯ ಎಲ್ಲಿಗೆ ಹೋದರೂ ತನ್ನ ಊರನ್ನು ಕಣ್ಣಿನಲ್ಲಿಟ್ಟುಕೊಂಡೇ ಹೋಗುತ್ತಾನೆ. ಕಂಡದ್ದನ್ನೆಲ್ಲ ಆ ಊರಿನ ಅಳತೆಗೋಲಿನಿಂದಲೇ ಅಳೆಯುತ್ತಾನೆ.

ಇದೇ ದಾರಿಯಲ್ಲಿ ಎದುರಿನಿಂದ ನಡೆದುಬಂದವರೂ ಉಂಟು. ಫ್ರಾನ್ಸಿನ ಗುರು ಅಬ್ಬೆ ದುಬ್ವಾ ಅವರು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ನಂತರ ಶ್ರೀರಂಗಪಟ್ಟಣ, ಮೈಸೂರು ಸೀಮೆಗಳಲ್ಲಿ ದುಡಿದರು. ಶೆಟ್ಟಿಹಳ್ಳಿಯ ಕ್ರೈಸ್ತ ಸಮುದಾಯದ ಕಥೆಯೊಂದಿಗೆ ಅವರ ಹೆಸರನ್ನು ಸೇರಿಸಿ ಹೇಳುವ ವಾಡಿಕೆ ನಮ್ಮ ಕಡೆ ಇಂದಿಗೂ ಇದೆ. ಜನರ ಬಾಯಲ್ಲಿ ಅವರು 'ದೊಡ್ಡ ಸ್ವಾಮಿಯವರು'. ಈ ನಾಡಿನವರಂತೆಯೇ ಉಟ್ಟು, ಇಲ್ಲಿನವರ ಊಟೋಪಚಾರಗಳನ್ನೇ ರೂಢಿಸಿಕೊಂಡು ಬಾಳಿದ ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಇಲ್ಲಿಯ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹುಪಾಲು ವಿಷಯ ಅವರಿಗಿಂತ ಹಿಂದೆ ಇದ್ದ ಯೇಸುಸಭೆಯ ಗುರು ಕೇರ್ದು ಅವರ ಹಸ್ತಪ್ರತಿಯಿಂದ ಬಂದುದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ನಂತರ ತೋರಿಸಿಕೊಟ್ಟಿದ್ದಾರೆ. ಆ ಗ್ರಂಥದ ಅನೇಕ ತೀರ್ಪುಗಳು ಇಂದು ನಮಗೆ ಕಠೋರವೆನಿಸುತ್ತವೆ. ಆದರೂ ಅದರಲ್ಲಿ ಒಂದು ನ್ಯಾಯವಿದೆ. ಇಲ್ಲಿಯವರ ನಡವಳಿಕೆ ಯೂರೋಪಿಯನ್ನರಿಗೆ ಹೇಗೆ ಕಾಣುತ್ತದೆಂದು ಹೇಳುವುದರ ಜೊತೆಗೆ, ಯೂರೋಪಿಯನ್ನರು ಇಲ್ಲಿಯವರಿಗೆ ಎಷ್ಟು ಹೇಸಿಗೆ ಹುಟ್ಟಿಸುತ್ತಾರೆಂಬುದನ್ನೂ ಅದು ಮರೆಮಾಚದೆ ಹೇಳುತ್ತದೆ. ಮೂಗು ಸೀನಿದ ಕರವಸ್ತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವ, ಕುಡಿಯುವ ಪಾತ್ರೆಗೆ ತುಟಿ ತಾಗಿಸುವ ಪರಂಗಿಯವರನ್ನು ಕಂಡು ಇಲ್ಲಿಯ ಜನ ಅಸಹ್ಯಪಡುತ್ತಿದ್ದರಂತೆ. ತಾನೇ ಶುಚಿ, ಎದುರಿನವನೇ ಕೊಳಕ ಎಂದು ಇಬ್ಬರೂ ನಂಬಿದ್ದರು. ಶುಚಿಯಾಗಿರಬೇಕೆಂಬ ಆಸೆ ಮಾತ್ರ ಇಬ್ಬರದೂ ಒಂದೇ ಆಗಿತ್ತು.

ಗುರುತು ಬೇರೆ, ಗುಣ ಒಂದೇ

ನಮ್ಮ ಸಂತೆಗಳಲ್ಲಿ ರಾಶಿ ಬೀಳುವ ಸೇವಂತಿಗೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಮಂಗಳದ ಹೂ. ಹೆಂಗಸರ ಮುಡಿಗೆ, ಮದುವೆಯ ಹಾರಕ್ಕೆ, ಪೂಜಾಪೀಠದ ಅಲಂಕಾರಕ್ಕೆ ಅದು ಬೇಕು. ಇಟಲಿಯಲ್ಲಾಗಲಿ ಫ್ರಾನ್ಸಿನಲ್ಲಾಗಲಿ ಅದು ಸಮಾಧಿಯ ಹೂ. ನವೆಂಬರ್ 2ರ ಮೃತರ ಸ್ಮರಣೆಯ ದಿನ ಅಲ್ಲಿಯ ಸ್ಮಶಾನಗಳೆಲ್ಲ ಸೇವಂತಿಗೆಯಿಂದ ತುಂಬಿಹೋಗುತ್ತವೆ. ಇಲ್ಲಿಂದ ಹೋದವರು ಊಟಕ್ಕೆ ಕರೆದ ಮನೆಯೊಡತಿಗೆ ಅದನ್ನೇ ಪ್ರೀತಿಯಿಂದ ಒಯ್ದರೆ ಆಕೆ ಏನೆಂದುಕೊಂಡಾಳು? ಬಿಳಿಯ ಬಣ್ಣದ ಕಥೆಯೂ ಇದೇ. ಅಲ್ಲಿ ಅದು ವಧುವಿನ ಉಡುಪು; ನಮ್ಮ ಅಜ್ಜಿಯಂದಿರ ಕಾಲದಲ್ಲಿ ವಿಧವೆಯ ಸೀರೆ. ಹೂವೂ ಬಣ್ಣವೂ ಬದಲಾದವು. ಅತಿಥೇಯಳನ್ನು ಗೌರವಿಸಬೇಕು, ಮದುಮಗಳನ್ನು ಹರಸಬೇಕು, ಸತ್ತವರನ್ನು ಮರೆಯಬಾರದು ಎಂಬ ಭಾವನೆಗಳು ಎಲ್ಲಿಯೂ ಬದಲಾಗಲಿಲ್ಲ.

ಮಾತಿನಲ್ಲಿಯೂ ಹೀಗೆಯೇ. ಅಂಗಡಿಯವನಿಗೆ, ಬಸ್ಸಿನ ಚಾಲಕನಿಗೆ, ಉಪ್ಪಿನ ಡಬ್ಬಿಯನ್ನು ಈಚೆಗೆ ಸರಿಸಿದ ಹೆಂಡತಿಗೆ ಸಹ ಪಶ್ಚಿಮದವರು ಥ್ಯಾಂಕ್ಸ್ ಹೇಳುತ್ತಾರೆ. "ಇದೆಲ್ಲ ತುಟಿಯ ಮೇಲಿನ ಮಾತು" ಎಂದು ನಾವು ಟೀಕಿಸುತ್ತೇವೆ. ನಮ್ಮ ಮನೆಗಳಲ್ಲಿ ತಾಯಿ ಬಡಿಸಿದ ಊಟಕ್ಕೆ ಮಗ ಧನ್ಯವಾದ ಹೇಳಿದರೆ, ಇವನೇಕೆ ನೆಂಟನಂತೆ ಮಾತನಾಡುತ್ತಿದ್ದಾನೆಂದು ಆಕೆಗೆ ಗಾಬರಿಯಾಗುತ್ತದೆ. ನಮ್ಮಲ್ಲಿ ಕೃತಜ್ಞತೆಗೆ ಬೇರೆ ದಾರಿಗಳಿವೆ: ತಟ್ಟೆಯಲ್ಲಿ ಅನ್ನ ಬಿಡದಿರುವುದು, ಮುಪ್ಪಿನಲ್ಲಿ ಆಕೆಯ ಕೈ ಹಿಡಿಯುವುದು. ಆದರೆ ಹೇಳದೆ ಉಳಿದ ಕೃತಜ್ಞತೆ ಕೆಲವೊಮ್ಮೆ ಇಲ್ಲದೆಯೇ ಹೋಗುವ ಅಪಾಯವೂ ಇದೆಯೆಂಬುದನ್ನು ಆ ಪಶ್ಚಿಮದ ಅಭ್ಯಾಸ ನಮಗೆ ನೆನಪಿಸಬಹುದು.

"ಊಟ ಆಯಿತೇ?" ಎಂದು ನಾವು ಬೀದಿಯಲ್ಲಿ ಸಿಕ್ಕವರನ್ನು ಕೇಳುತ್ತೇವೆ. ಪರದೇಶದವನು ಇದು ಊಟಕ್ಕೆ ಆಹ್ವಾನವೆಂದು ಭಾವಿಸಿ ತಬ್ಬಿಬ್ಬಾಗುತ್ತಾನೆ. ಇಂಗ್ಲಿಷಿನವನು "ಹೇಗಿದ್ದೀರಿ?" ಎಂದಾಗ ನಮ್ಮ ಅಜ್ಜ ತನ್ನ ಮಂಡಿನೋವಿನ ಚರಿತ್ರೆಯನ್ನೇ ಆರಂಭಿಸಿದರೆ ಅವನೂ ತಬ್ಬಿಬ್ಬಾಗುತ್ತಾನೆ. ಎರಡು ಪ್ರಶ್ನೆಗಳಿಗೂ ಉತ್ತರ ಬೇಕಿಲ್ಲ. ನಿನ್ನನ್ನು ಕಂಡೆ, ನೀನು ನನಗೆ ಲೆಕ್ಕದಲ್ಲಿದ್ದೀಯೆ ಎಂಬುದೇ ಅವುಗಳ ಅರ್ಥ. ಮನೆಯಿಂದ ಹೊರಡುವವನು "ಹೋಗುತ್ತೇನೆ" ಎನ್ನದೆ "ಬರುತ್ತೇನೆ" ಎನ್ನುವುದು, ಹೊರಟವನನ್ನು "ಎಲ್ಲಿಗೆ?" ಎಂದು ಕೇಳದೆ "ದೂರ ಹೊರಟಿರಾ?" ಎಂದು ವಿಚಾರಿಸುವುದು ಹೊರಗಿನವರಿಗೆ ಒಗಟಾಗಿ ಕಾಣುವುದು ಸಹಜ. ನಮ್ಮ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿಯ ಮೀನುಗಳಿಗೆ ಜನ ಪುರಿ ಎರಚಿ ಕೈಮುಗಿಯುತ್ತಾರೆ, ಯಾರೂ ಹಿಡಿದು ತಿನ್ನುವುದಿಲ್ಲ. ಮೀನೆಂದರೆ ಊಟದ ಪದಾರ್ಥವೆಂದೇ ತಿಳಿದ ನಾಡಿನವನಿಗೆ ಇದಕ್ಕಿಂತ ವಿಚಿತ್ರ ಬೇರೆ ಬೇಕೇ? ವಿಚಿತ್ರಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆಯೆಂದು ತಿಳಿದವನ ನಗೆಯಲ್ಲಿ ಕಹಿ ಇರುವುದಿಲ್ಲ.

ಹಳೆಯ ಒಂದು ಬುದ್ಧಿಮಾತು

ಈ ವಿವೇಕ ಇಂದಿನದಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನರ ತಾಯಿ ಮೋನಿಕಾ ಆಫ್ರಿಕಾದಿಂದ ಮಿಲಾನ್ ನಗರಕ್ಕೆ ಬಂದಾಗ ಅಲ್ಲಿಯ ಕ್ರೈಸ್ತರು ಶನಿವಾರ ಉಪವಾಸ ಮಾಡದಿರುವುದನ್ನು ಕಂಡು ಕಳವಳಗೊಂಡಳು. ಯಾವುದು ಸರಿ? ಅಗಸ್ಟೀನರು ಧರ್ಮಾಧ್ಯಕ್ಷ ಅಂಬ್ರೋಸರನ್ನು ಕೇಳಿದರು. ತಾವು ರೋಮಿನಲ್ಲಿದ್ದಾಗ ಶನಿವಾರ ಉಪವಾಸ ಮಾಡುವುದಾಗಿಯೂ ಮಿಲಾನಿನಲ್ಲಿ ಮಾಡುವುದಿಲ್ಲವೆಂದೂ ಹೇಳಿ, ನೀವು ಯಾವ ಊರಿನ ಧರ್ಮಸಭೆಗೆ ಹೋದರೆ ಅಲ್ಲಿಯ ರೂಢಿಯನ್ನು ಪಾಲಿಸಿರೆಂದು ಅವರು ಉತ್ತರಿಸಿದರು. ಇದನ್ನು ಅಗಸ್ಟೀನರೇ ಒಂದು ಪತ್ರದಲ್ಲಿ ಸ್ಮರಿಸಿದ್ದಾರೆ. ರೋಮಿನಲ್ಲಿದ್ದಾಗ ರೋಮನರಂತಿರು ಎಂಬ ಗಾದೆಯ ಮೂಲ ಇಲ್ಲಿದೆ. ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಇಂಥ ರೂಢಿಗಳ ವಿಷಯದಲ್ಲಿ ಹಟ ಬೇಡವೆಂಬುದೇ ಆ ಸಂತರ ಅಭಿಪ್ರಾಯವಾಗಿತ್ತು.

1659ರಲ್ಲಿ ರೋಮಿನ ವಿಶ್ವಾಸ ಪ್ರಸಾರ ಪೀಠವು ಪೂರ್ವದೇಶಗಳಿಗೆ ಹೊರಟ ಫ್ರೆಂಚ್ ಧರ್ಮಾಧ್ಯಕ್ಷರಿಗೆ ಒಂದು ಸೂಚನೆಯನ್ನು ಕೊಟ್ಟಿತು. ಧರ್ಮಕ್ಕೂ ಸನ್ನಡತೆಗೂ ಸ್ಪಷ್ಟವಾಗಿ ವಿರುದ್ಧವಾಗಿದ್ದರೆ ಹೊರತು ಆ ಜನರ ಆಚಾರ ಪದ್ಧತಿಗಳನ್ನು ಬದಲಿಸಹೋಗಬೇಡಿ; ಫ್ರಾನ್ಸನ್ನೋ ಇಟಲಿಯನ್ನೋ ಚೀನಕ್ಕೆ ಹೊತ್ತೊಯ್ಯುವುದಕ್ಕಿಂತ ಅಸಂಬದ್ಧವಾದದ್ದು ಇಲ್ಲ ಎಂಬುದು ಅದರ ಸಾರ. ದುಬ್ವಾ ಅವರು ಸೇರಿದ್ದ ಪ್ಯಾರಿಸಿನ ಗುರುಗಳ ಸಂಸ್ಥೆಯ ಬೆಳವಣಿಗೆ ಆ ಧರ್ಮಾಧ್ಯಕ್ಷರಿಂದಲೇ ಆರಂಭವಾಯಿತು. ಸೂಚನೆ ಇದ್ದರೂ ಅದು ಎಲ್ಲೆಡೆ ಪಾಲನೆಯಾಯಿತೆಂದು ಹೇಳುವಂತಿಲ್ಲ. ಆದರೆ ಅದರೊಳಗಿನ 'ಹೊರತು' ಎಂಬ ಪದವನ್ನು ನಾವು ಗಮನಿಸಬೇಕು. ಎಲ್ಲವೂ ಬರೀ ಆಚಾರವಲ್ಲ. ಕೆಲವು ವಿಷಯಗಳು ನಿಜವಾಗಿಯೂ ತಪ್ಪು. ಅವನ್ನು ಗುರುತಿಸುವುದು ಹೇಗೆ?

ಬೆಲೆ ತೆರುವವರು ಯಾರು?

ನನಗೆ ತೋಚಿದ ಒಂದು ಅಳತೆಗೋಲನ್ನು ಓದುಗರ ಮುಂದಿಡುತ್ತೇನೆ. ಯಾವುದೇ ಪದ್ಧತಿ ವಿಚಿತ್ರವೆನಿಸಿದಾಗ, ಇದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಬೇಕು. ಆಚರಿಸುವವನೇ ಅದರ ಕಷ್ಟವನ್ನು ಹೊರುತ್ತಿದ್ದರೆ, ಅಥವಾ ಯಾರಿಗೂ ಏನೂ ನಷ್ಟವಿಲ್ಲದಿದ್ದರೆ, ಅದು ಅವರ ಮನೆಯ ರೂಢಿ. ನಮಗೆ ಒಗ್ಗದಿದ್ದರೂ ಗೌರವಿಸೋಣ. ಆದರೆ ಒಬ್ಬರ ಸಂಪ್ರದಾಯಕ್ಕೆ ಇನ್ನೊಬ್ಬರು ತಲೆ ತಗ್ಗಿಸಬೇಕಾದರೆ, ಹಸಿಯಬೇಕಾದರೆ, ಹೊರಗೆ ನಿಲ್ಲಬೇಕಾದರೆ, ಅದು ರೂಢಿಯ ಮಾತಾಗಿ ಉಳಿಯುವುದಿಲ್ಲ, ನ್ಯಾಯದ ಮಾತಾಗುತ್ತದೆ.

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹಾಲು ಮುಗಿದಿದೆಯೆಂದು ಹೊರಟ ನಮ್ಮವರು ಬರಿಗೈಯಲ್ಲಿ ಮರಳಿ ಗೊಣಗುತ್ತಾರೆ. ಆದರೆ ಭಾನುವಾರವನ್ನು ದುಡಿಮೆಯಿಂದ ಬಿಡುವು ಪಡೆಯುವ ದಿನವೆಂದು ಅಲ್ಲಿಯ ಸಂವಿಧಾನವೇ ರಕ್ಷಿಸುತ್ತದೆ. ನಮಗಾಗುವ ಅನನುಕೂಲ ಅಂಗಡಿಯಲ್ಲಿ ದುಡಿಯುವ ತಾಯಿಗೆ ಮಕ್ಕಳೊಡನೆ ಕಳೆಯುವ ಒಂದು ದಿನವಾಗುತ್ತದೆ. ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇಕಡಾ 15ರಿಂದ 20ರಷ್ಟು ಭಕ್ಷೀಸು ಇಡದಿದ್ದರೆ ಅಪಚಾರ. ಇದು ನಮಗೆ ಬರೀ ಆಡಂಬರವೆನಿಸುತ್ತದೆ. ವಿಚಾರಿಸಿದರೆ, ಭಕ್ಷೀಸು ಪಡೆಯುವ ಕೆಲಸಗಾರರಿಗೆ ಮಾಲೀಕನು ನೇರವಾಗಿ ಕೊಡಬೇಕಾದ ಕನಿಷ್ಠ ವೇತನ ಅಲ್ಲಿಯ ಕೇಂದ್ರ ಕಾನೂನಿನಂತೆ ಗಂಟೆಗೆ 2.13 ಡಾಲರ್ ಮಾತ್ರ, ಅದೂ 1991ರಿಂದ ಏರಿಯೇ ಇಲ್ಲವೆಂದು ತಿಳಿಯುತ್ತದೆ. ಉಳಿದುದು ಗಿರಾಕಿಯ ಕೃಪೆಯಿಂದ ತುಂಬಬೇಕು. ತುಂಬದಿದ್ದರೆ ಮಾಲೀಕನು ಕೊಡಬೇಕೆಂಬುದು ಕಾನೂನು. ಕೆಲವು ರಾಜ್ಯಗಳು ಹೆಚ್ಚಿನ ವೇತನವನ್ನು ನಿಗದಿಪಡಿಸಿವೆ ನಿಜ. ಆದರೂ ಈ ಪದ್ಧತಿಯ ಬೆಲೆ ತೆರುವವನು ಬಡ ಕೆಲಸಗಾರನೇ. ಎರಡೂ ವಿಚಿತ್ರಗಳೇ, ಒಂದು ದುಡಿಯುವವನನ್ನು ಕಾಯುತ್ತದೆ, ಇನ್ನೊಂದು ಅವನನ್ನು ಕಾಯಿಸುತ್ತದೆ.

ಈಗ ಅದೇ ಗೋಲನ್ನು ನಮ್ಮ ಮನೆಯೊಳಗೆ ತರೋಣ. ಲೋಟವನ್ನು ಕಚ್ಚಿ ಕುಡಿಯಬಾರದು, ಎತ್ತಿ ಕುಡಿಯಬೇಕೆಂದು ನಮ್ಮ ಹಿರಿಯರು ಕಲಿಸಿದರು. ಎಂಜಲಿನ ಈ ಎಚ್ಚರ ಒಳ್ಳೆಯ ಅಭ್ಯಾಸವೇ. ಅದರ ಶ್ರಮ ಕುಡಿಯುವವನದು. ಹೆಚ್ಚೆಂದರೆ ಅಂಗಿ ಒದ್ದೆಯಾದೀತು. ಆದರೆ ಅದೇ ಎಂಜಲಿನ ವಿಚಾರ ಇನ್ನೊಂದು ರೂಪ ತಾಳಿ, ಕೆಲವರಿಗೆಂದೇ ಬೇರೆ ಲೋಟವನ್ನು ಚಹಾದಂಗಡಿಯ ಹೊರಗೆ ಸೂರಿನ ಸಂದಿಯಲ್ಲಿ ಇಡಿಸಿತು. ಕುಡಿದವನೇ ತೊಳೆದಿಟ್ಟು ಹೋಗಬೇಕಾಗಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು, 1955ರ ಕಾಯಿದೆ ಅದರ ಆಚರಣೆಯನ್ನು ಅಪರಾಧವಾಗಿಸಿತು. ಆದರೂ ಎಷ್ಟೋ ಮನೆಗಳಲ್ಲಿ ಕೆಲಸದವಳ ಲೋಟ ಇಂದಿಗೂ ಬೇರೆಯಾಗಿಯೇ ಇದೆಯಲ್ಲವೇ? "ಇದು ನಮ್ಮ ಪದ್ಧತಿ" ಎಂದು ಹೇಳುವವನು ಅದರ ಬೆಲೆಯನ್ನು ಎಂದೂ ತೆತ್ತಿಲ್ಲ. ತೆತ್ತವಳನ್ನು ಕೇಳಿದರೆ ಆಕೆ ಅದನ್ನು ಪದ್ಧತಿ ಎಂದು ಕರೆಯುವುದಿಲ್ಲ.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಪ್ರಭು ಯೇಸು ಇದೇ ಭೇದವನ್ನು ತೋರಿಸುತ್ತಾರೆ. ಶಿಷ್ಯರು ಕೈ ತೊಳೆಯದೆ ಉಂಡರೆಂಬ ದೂರನ್ನು ಅವರು ದೊಡ್ಡದು ಮಾಡುವುದಿಲ್ಲ. ಆದರೆ 'ಕೊರ್ಬಾನ್' ಎಂಬ ಪದ್ಧತಿಯನ್ನು, ಅಂದರೆ ಆಸ್ತಿಯನ್ನು ದೇವರಿಗೆ ಮೀಸಲಿಟ್ಟೆನೆಂದು ಹೇಳಿ ಹೆತ್ತವರಿಗೆ ನೆರವಾಗದೆ ತಪ್ಪಿಸಿಕೊಳ್ಳುವುದನ್ನು, ಖಂಡಿಸುತ್ತಾರೆ. ಅದರ ಬೆಲೆಯನ್ನು ತೆರುತ್ತಿದ್ದವರು ಮುದಿ ತಂದೆತಾಯಿಗಳು.

ವೃದ್ಧರ ವಿಷಯದಲ್ಲಿ

ತಂದೆತಾಯಿಗಳ ಮಾತು ಬಂದಾಗ ನಮಗೆ ತಟ್ಟನೆ ನೆನಪಾಗುವುದು ಪಶ್ಚಿಮದ ವೃದ್ಧಾಶ್ರಮಗಳು. "ಹೆತ್ತವರನ್ನು ಆಶ್ರಮಕ್ಕೆ ತಳ್ಳುವ ಜನ" ಎಂಬ ತೀರ್ಪನ್ನು ನಮ್ಮಲ್ಲಿ ಎಷ್ಟು ಸಲ ಕೇಳಿಲ್ಲ! ಅಲ್ಲಿಯ ಒಂಟಿತನ ಸುಳ್ಳಲ್ಲ. ವಾರಗಟ್ಟಲೆ ಯಾರೂ ಬಾರದ ಕೋಣೆಯಲ್ಲಿ ಕಿಟಕಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕುಳಿತವರನ್ನು ಕಂಡ ಯಾರೂ ಅದನ್ನು ಬರೀ ರೂಢಿಯೆಂದು ತಳ್ಳಿಹಾಕಲಾರರು. ಆದರೆ ಚಿತ್ರದ ಇನ್ನೊಂದು ಬದಿಯನ್ನೂ ನೋಡಬೇಕು. ಜರ್ಮನಿಯಲ್ಲಿ ಮುಪ್ಪಿನ ಆರೈಕೆಗೆಂದೇ 1995ರಿಂದ ಕಡ್ಡಾಯ ವಿಮೆಯಿದೆ. ದುಡಿಯುವವರು ಪ್ರತಿ ತಿಂಗಳೂ ತಮ್ಮ ಸಂಬಳದ ಪಾಲನ್ನು ಅದಕ್ಕೆ ಕೊಡುತ್ತಾರೆ. ಅಪರಿಚಿತನಾದ ಮುದುಕನಿಗಾಗಿ ಎಲ್ಲರೂ ಹಣ ತೆಗೆದಿಡುವುದು ಪ್ರೀತಿಯಿಲ್ಲದವರ ಲಕ್ಷಣವೇ? ಇತ್ತ ನಮ್ಮ ದೇಶದಲ್ಲಿ, ಮಾತೃದೇವೋಭವ ಎಂದು ಹೇಳಿಕೊಟ್ಟ ನಾಡಿನಲ್ಲಿ, ಮಕ್ಕಳಿಂದ ಜೀವನಾಂಶ ಪಡೆಯಲು ಹೆತ್ತವರಿಗೆ ದಾರಿಮಾಡಿಕೊಡುವ ಕಾನೂನನ್ನು 2007ರಲ್ಲಿ ಸಂಸತ್ತು ಮಾಡಬೇಕಾಯಿತು. ಮನೆಯ ಮೂಲೆಯಲ್ಲಿ ಮಾತಿಲ್ಲದೆ ಮಲಗಿರುವ ಅಜ್ಜಿ ಆಶ್ರಮದಲ್ಲಿಲ್ಲ ನಿಜ. ಆದರೆ ಅವಳನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಒಬ್ಬಳೇ ಸೊಸೆಗೆ ಬಿಡುವು ಕೊಟ್ಟವರಾರು? ಅವರ ಪದ್ಧತಿಯ ಬೆಲೆಯನ್ನು ವೃದ್ಧರು ಒಂಟಿತನದ ರೂಪದಲ್ಲಿ ತೆರುತ್ತಿದ್ದರೆ, ನಮ್ಮ ಪದ್ಧತಿಯ ಬೆಲೆಯನ್ನು ಎಷ್ಟೋ ಕಡೆ ಸೊಸೆಯಂದಿರು ತಮ್ಮ ಆಯುಸ್ಸಿನ ರೂಪದಲ್ಲಿ ತೆರುತ್ತಿದ್ದಾರೆ. ಎರಡೂ ಕಡೆ ತಿದ್ದಿಕೊಳ್ಳಬೇಕಾದುದು ಇದೆ. ಒಬ್ಬರನ್ನೊಬ್ಬರು ನೋಡಿ ಕಲಿಯಬೇಕಾದುದೂ ಇದೆ.

ನಮ್ಮ ಊರಿಗೆ ಬಂದ ಪರದೇಶಿ

ಇದನ್ನೆಲ್ಲ ಓದಿ, ಪರದೇಶಕ್ಕೆ ಹೋಗದ ನಮಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಪರದೇಶವೇ ನಮ್ಮ ಬಾಗಿಲಿಗೆ ಬಂದಿದೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಇಂದು ಅಸ್ಸಾಮಿನಿಂದಲೂ ಬಂಗಾಳದಿಂದಲೂ ಬಂದ ಕೂಲಿಕಾರರು ಸಂಸಾರ ಸಮೇತ ದುಡಿಯುತ್ತಿದ್ದಾರೆ. ಪಟ್ಟಣಗಳಲ್ಲಿ ಗಾರೆಕೆಲಸಕ್ಕೂ ಹೋಟೆಲಿಗೂ ಬಿಹಾರ, ಒಡಿಶಾಗಳ ಹುಡುಗರು ಬಂದಿದ್ದಾರೆ. ಅವರ ಸಾಸಿವೆ ಎಣ್ಣೆಯ ವಾಸನೆ ನಮಗೆ ಒಗ್ಗುವುದಿಲ್ಲ. ಅವರು ಗಟ್ಟಿಯಾಗಿ ಮಾತನಾಡುತ್ತಾರೆಂದು ನಮ್ಮ ದೂರು. ಬಾಡಿಗೆಗೆ ಮನೆ ಕೊಡಲು ಹಿಂಜರಿಯುತ್ತೇವೆ, ಊರಿನಲ್ಲಿ ಏನಾದರೂ ಕಳುವಾದರೆ ಮೊದಲು ಅವರತ್ತ ನೋಡುತ್ತೇವೆ. ಅದೇ ಹೊತ್ತಿಗೆ ನಮ್ಮ ಮಗ ದೂರದ ಊರೊಂದರಲ್ಲಿ, ಅವನ ಒಗ್ಗರಣೆಯ ವಾಸನೆ ನೆರೆಯವರಿಗೆ ಒಗ್ಗುವುದಿಲ್ಲವೆಂಬ ಸಂಕೋಚದಿಂದ ಕಿಟಕಿ ತೆರೆದು ಅಡಿಗೆ ಮಾಡುತ್ತಿರುತ್ತಾನೆ. ಅಲ್ಲಿಯವರು ಅವನನ್ನು ಹೇಗೆ ಕಾಣಲಿ ಎಂದು ನಾವು ಪ್ರಾರ್ಥಿಸುತ್ತೇವೆಯೋ, ಇಲ್ಲಿಗೆ ಬಂದವನ ತಾಯಿಯೂ ಹಾಗೆಯೇ ಪ್ರಾರ್ಥಿಸುತ್ತಿರುತ್ತಾಳೆ.

ಅಪರಿಚಿತರಾಗುವುದೆಂದರೇನೆಂದು ನಮ್ಮ ಭಾಗದ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದಲ್ಲಿ ಗೊರೂರಿನ ಬಳಿ ಹೇಮಾವತಿ ಜಲಾಶಯ ಎದ್ದಾಗ ಎಷ್ಟೋ ಹಳ್ಳಿಗಳ ಜನ ಹೊಲಮನೆಗಳನ್ನು ನೀರಿಗೆ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಶೆಟ್ಟಿಹಳ್ಳಿಯ ಹಳೆಯ ದೇವಾಲಯದ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ನೋಡಲು ಇಂದು ದೂರದೂರದಿಂದ ಪ್ರವಾಸಿಗರು ಬರುತ್ತಾರೆ. ಅವರಿಗೆ ಅದೊಂದು ವಿಚಿತ್ರ ದೃಶ್ಯ, ಒಳ್ಳೆಯ ಫೋಟೋ. ಅಲ್ಲಿ ದೀಕ್ಷಾಸ್ನಾನ ಪಡೆದು, ಮದುವೆಯಾಗಿ, ಹೆತ್ತವರನ್ನು ಮಣ್ಣುಮಾಡಿದವರಿಗೆ ಅದು ಏನೆಂಬುದು ಬೇರೆಯೇ ಮಾತು. ನೋಡುವವನಿಗೆ ವಿಚಿತ್ರವಾಗಿ ಕಂಡದ್ದರ ಒಳಗೆ ಯಾರದೋ ಬದುಕು ಇರುತ್ತದೆ.

ಆದುದರಿಂದ, ಮಕ್ಕಳು ಪರದೇಶದಿಂದ ರಜೆಗೆ ಬಂದು ಅಲ್ಲಿಯ ವಿನೋದಗಳನ್ನು ಹೇಳಿದಾಗ ಮನಸಾರೆ ನಗೋಣ. ನಕ್ಕ ಮೇಲೆ, ಅದು ಅವರಿಗೆ ಏಕೆ ಮುಖ್ಯವಾಗಿದೆಯೆಂದು ಒಂದು ಪ್ರಶ್ನೆ ಕೇಳೋಣ. ನಮ್ಮ ಕಡೆಯ ಯಾವ ಪದ್ಧತಿಯನ್ನು ಕಂಡು ಅಲ್ಲಿಯವರು ಬೆರಗಾದರೆಂದೂ ಕೇಳೋಣ. ಅನಂತರ, ನಮ್ಮ ಮನೆಯ ಯಾವ ಪದ್ಧತಿಗೆ ಯಾರು ಬೆಲೆ ತೆರುತ್ತಿದ್ದಾರೆಂದು ಸುತ್ತ ಕಣ್ಣುಹಾಯಿಸಿ ನೋಡೋಣ. ಅಡಿಗೆಮನೆಯ ಗೂಡಿನಲ್ಲಿ ಬೇರೆಯಾಗಿ ಕವಿಚಿಟ್ಟ ಒಂದು ಲೋಟ ಕಂಡರೆ, ಅದನ್ನು ತೆಗೆದು ಉಳಿದ ಲೋಟಗಳ ಸಾಲಿಗೆ ಸೇರಿಸಲು ವಿಮಾನ ಹತ್ತಬೇಕಾಗಿಲ್ಲ.